ಮೂರನೇ ಸಿಲಿಂಡರ್

ತೆರೆದ ಬಾನೆಟ್ಟಿನ ಮೇಲೆ ಬಾಗಿ ಒಂದು ಗಳಿಗೆ ಕಿವಿಗೊಟ್ಟರೆ ಸಾಕು, ಎಂಜಿನ್ನಿನ ಹೊಟ್ಟೆಯೊಳಗಿನದನ್ನೆಲ್ಲ ಹೇಳುತ್ತಾರೆ ಎಂದು ನಮ್ಮ ಯಜಮಾನರಿಗೆ ಹೆಸರು. ಬೀದಿಯವರು ಕರೆಯುವುದೇ ಕಿವಿ ಮೇಸ್ತ್ರಿ ಎಂದು. ಆದರೆ ಇತ್ತೀಚೆಗೆ ಮನೆಯಲ್ಲಿ ಅದೇ ಕಿವಿಗೆ ಹಾಲು ಮುಗಿದದ್ದು, ನಲ್ಲಿ ಸೋರುತ್ತಿರುವುದು, ನನಗೆ ಜ್ವರ ಬಂದದ್ದು ಯಾವುದೂ ಬೀಳುತ್ತಿರಲಿಲ್ಲ. ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಗ್ಯಾರೇಜಿನ ಫೋನು, ಬಿಡಿಭಾಗ ನೋಡಿಕೊಳ್ಳುವವಳೂ ನಾನೇ ಆದ್ದರಿಂದ ಅಲ್ಲೂ ಇಲ್ಲೂ ಕೂಗಿ ಗಂಟಲು ಹರಿದುಕೊಳ್ಳುವ ಭಾಗ್ಯ ನನ್ನದೇ.

ಆವತ್ತು ನನ್ನ ತಮ್ಮ ಕಾರು ತಂದ. ಟ್ಯಾಕ್ಸಿ ಓಡಿಸುತ್ತಾನೆ, ಬಾಯಿ ಸ್ವಲ್ಪ ಜಾಸ್ತಿ. ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು.

"ಭಾವ, ಮಿಸ್‌ಫೈರ್ ಆಗ್ತಿದೆ, ಯಾವುದೋ ಸಿಲಿಂಡರ್ ಉರೀತಿಲ್ಲ. ದೋಷ ತೋರ್ಸೋ ಸ್ಕ್ಯಾನರ್ ತಗೊಳ್ಳಿ ಅಂತ ಎಷ್ಟು ಸಲ ಬಡ್ಕೊಂಡೆ? ಎದುರುಗಡೆ ಗ್ಯಾರೇಜಿನೋನು ನಿಮಿಷದಲ್ಲಿ ಹೇಳ್ತಾನೆ."

"ಆಯ್ತು, ಆಯಿಲ್ ಬದಲಾಯಿಸೋಣ ಬಿಡು" ಎಂದರು ಇವರು. ತಮ್ಮ ನಕ್ಕ. ನಾನು ಎಂದಿನಂತೆ ಹಲ್ಲು ಕಚ್ಚಿದೆ.

ಇವರ ಪರೀಕ್ಷೆ ಹಳೆಯದು. ಓಡುತ್ತಿರುವ ಎಂಜಿನ್ನಿನಲ್ಲಿ ಒಂದೊಂದೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್ ವೈರನ್ನು ಕಳಚಿ ಮತ್ತೆ ಸಿಕ್ಕಿಸುವುದು. ದುಡಿಯುತ್ತಿರುವ ಸಿಲಿಂಡರ್ ಆದರೆ ಎಂಜಿನ್ ಇನ್ನಷ್ಟು ಮುಗ್ಗರಿಸುತ್ತದೆ. ಕಳಚಿದರೂ ಸದ್ದು ಬದಲಾಗದಿದ್ದರೆ ಮೈಗಳ್ಳ ಅದೇ.

ಕಾರು ನಡುಗುವುದು ಕಣ್ಣಿಗೆ ಕಾಣುತ್ತಿತ್ತಲ್ಲ, ಇವರು ಗಂಭೀರವಾಗಿ ನಾಲ್ಕನ್ನೂ ಕಳಚಿ ಸಿಕ್ಕಿಸಿ, ಕೈ ಒರೆಸಿಕೊಂಡು ತೀರ್ಪು ಕೊಟ್ಟರು: "ನಾಲ್ಕೂ ಸತ್ತಿವೆ."

"ನಾಲ್ಕೂ ಸತ್ತಿದ್ರೆ ಇದು ಯಾವ ದೆವ್ವದ ಬಲದಲ್ಲಿ ಓಡ್ತಿದೆ ಭಾವ?" ತಮ್ಮ ಬಿದ್ದು ಬಿದ್ದು ನಕ್ಕ.

ಇವರು ನಗಲಿಲ್ಲ. ಮತ್ತೆ ಮೊದಲ ವೈರಿಗೆ ಕೈ ಹಾಕಿದರು. ಎಂಜಿನ್ ಮುಗ್ಗರಿಸಿದ್ದು ಇವರ ಗಮನಕ್ಕೇ ಬಂದಿರಲಿಲ್ಲ. ಆಗ ನನಗೆ ಹೊಳೆಯಿತು: ಇವರಿಗೆ ನಾನಷ್ಟೇ ಅಲ್ಲ, ಎಂಜಿನ್ನೂ ಕೇಳಿಸುತ್ತಿಲ್ಲ! ಪಾಪ ಅನ್ನಿಸಿತು. ಸುಳ್ಳೇಕೆ ಹೇಳಲಿ, ಇಷ್ಟು ದಿನದ ನನ್ನ ಜಗಳವೆಲ್ಲ ದಂಡವಾಯಿತಲ್ಲ ಎಂದು ಸಿಟ್ಟೂ ಬಂತು. ಆದರೆ ತಮ್ಮನಿಗೆ ಗೊತ್ತಾದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಕಿವಿ ಕೇಳದ ಕಿವಿ ಮೇಸ್ತ್ರಿಯ ಹತ್ತಿರ ಯಾರು ಬಂದಾರು?

"ತಮಾಷೆ ಮಾಡ್ತಿದಾರೆ ಕಣೋ, ಸುಮ್ನಿರು" ಎಂದು ಎದ್ದು ಹೋಗಿ ಬಾನೆಟ್ಟಿನ ಎದುರು ನಿಂತೆ.

ಇವರು ಒಂದನೆಯದನ್ನು ಕಳಚಿದರು. ಎಂಜಿನ್ ಮುಗ್ಗರಿಸಿತು. ತಮ್ಮನಿಗೆ ಕಾಣದಂತೆ, ಇದಲ್ಲ ಎಂದು ತಲೆ ಅಡ್ಡ ಆಡಿಸಿದೆ. ಎರಡನೆಯದಕ್ಕೂ ಅಡ್ಡ. ಮೂರನೆಯದನ್ನು ಕಳಚಿದಾಗ ಸದ್ದು ಎಳ್ಳಷ್ಟೂ ಬದಲಾಗಲಿಲ್ಲ. ಹೌದೆಂದು ಕಣ್ಣು ಮುಚ್ಚಿ ತೆರೆದೆ. ಇವರು ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು.

"ಮೂರನೇದು" ಎಂದರು ಕೊನೆಗೆ.

ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿ ಕವಚ ಬಿರುಕು ಬಿಟ್ಟಿತ್ತು. ಹೊಸದು ಹಾಕಿದ್ದೇ ತಡ, ನಡುಕ ನಿಂತಿತು.

"ಕಿವಿ ಅಂದ್ರೆ ಭಾವಂದೇ ಕಿವಿ. ಆ ಸ್ಕ್ಯಾನರ್ ಯಾರಿಗೆ ಬೇಕು?" ಎಂದು ಹೊಗಳುತ್ತಾ ತಮ್ಮ ಹೊರಟುಹೋದ.

ಇವರು ತಲೆ ತಗ್ಗಿಸಿ ಕೈ ತೊಳೆಯತೊಡಗಿದರು. "ಅಂದಾಜಿನ ಮೇಲೆ ದೂಡ್ತಿದ್ದೆ ಕಣೇ. ಹೇಳೋಕೆ ಹೆದರಿಕೆ."

ನಾನು ಇವರ ಕಿವಿಗೇ ಬಾಯಿ ಇಟ್ಟು ಕೇಳಿದೆ: "ಹಾಗಾದ್ರೆ ಇಷ್ಟು ದಿನ ನಾನು ಬೈದಿದ್ದು?"

"ಬೈತಿದ್ಯಾ?" ಇವರು ನಿಜವಾಗಿಯೂ ಬೆರಗಾದರು. "ಬಾಯಿ ಆಡೋದು ಕಾಣ್ತಿತ್ತು. ಊಟಕ್ಕೆ ಕರೀತಿದೀಯ ಅಂದ್ಕೊಂಡು ಎದ್ದು ಬರ್ತಿದ್ದೆ."