ಟವೆಲ್ಲಿನಡಿಯ ಏಳನೇ ನಂಬರು

ರೈಲು ಅರಸೀಕೆರೆ ದಾಟಿದರೂ ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಕಿಟಕಿ ಪಕ್ಕ ಅಜ್ಜಂಪುರದ ರೇವಣಪ್ಪ, ಎದುರಿಗೆ ಕಡೂರಿನ ಮಲ್ಲಿಕಾರ್ಜುನಪ್ಪ. ನಲವತ್ತು ವರ್ಷದ ಸ್ನೇಹ. ಮಾತಿಲ್ಲದೆ ಕೂರುವುದು ಅವರಿಗೆ ಹೊಸದಲ್ಲ, ಆದರೆ ಈ ಬೆಳಗಿನದು ಬೇರೆ.

ಹಿಂದಿನ ದಿನ ಬೆಂಗಳೂರಿನ ರೇಸಿಗೆ ಕರೆದುಕೊಂಡು ಹೋದವನು ಮಲ್ಲಿಕಾರ್ಜುನಪ್ಪನೇ. "ದನ ನೋಡೋ ಕಣ್ಣಿಗೆ ಕುದ್ರೆ ಕಾಣಲ್ವೇನೋ? ನೀನು ಹೇಳು, ನಾನು ದುಡ್ಡು ಕಟ್ತೀನಿ" ಎಂದು ಹುರಿದುಂಬಿಸಿದ್ದ. ರೇವಣಪ್ಪನೂ ಉಬ್ಬಿಹೋದ. ಉಬ್ಬದೆ ಏನು ಮಾಡಿಯಾನು! ಅಜ್ಜಂಪುರದಿಂದ ತರೀಕೆರೆಯವರೆಗೆ ಅವನು ಕಣ್ಣಾಡಿಸದೆ ಯಾರೂ ಹೋರಿಗೆ ಹಗ್ಗ ಹಾಕುತ್ತಿರಲಿಲ್ಲ. ಅವನಿಗೆ ಇದ್ದ ಆಸ್ತಿ ಅದೊಂದೇ.

ಯಾವ ಕುದುರೆಗೆ ಕಟ್ಟಬೇಕೆಂಬ ಟಿಪ್ಪನ್ನೂ ದನದ ವ್ಯಾಪಾರದ ರೂಢಿಯಂತೆ ಅವರು ಬಾಯಲ್ಲಿ ಆಡಲಿಲ್ಲ. ಪಕ್ಕದವರಿಗೆ ತಿಳಿಯಬಾರದೆಂದು ಕೈಮೇಲೆ ಟವೆಲ್ ಹೊದಿಸಿದರು; ರೇವಣಪ್ಪ ಗೆಳೆಯನ ಎಷ್ಟು ಬೆರಳು ಹಿಡಿದರೆ ಅಷ್ಟೇ ನಂಬರು. ಸುತ್ತಲಿನ ಪ್ಯಾಂಟಿನವರು ಈ ಇಬ್ಬರು ಮುದುಕರನ್ನು ನೋಡಿ ನಕ್ಕರೆ ನಗಲಿ ಅಂದುಕೊಂಡರು.

ಓಟಕ್ಕೆ ಮೊದಲು ಬೇಲಿಯೊಳಗೆ ಕುದುರೆಗಳನ್ನು ಸುತ್ತಾಡಿಸುತ್ತಿದ್ದರು. ರೇವಣಪ್ಪ ಅಗಲ ಎದೆ, ಗಟ್ಟಿ ಕೊರಳು, ಹಣೆಯ ಸುಳಿ ನೋಡಿ ಆರಿಸಿದ. ಅವನು ಆರಿಸಿದ್ದೆಲ್ಲ ಚಿತ್ರದುರ್ಗದವರೆಗೆ ಗಾಡಿ ಎಳೆಯಲು ಲಾಯಕ್ಕಾದವು. ಅಲ್ಲಿ ನಡೆಯುತ್ತಿದ್ದದ್ದು ಒಂದೂವರೆ ನಿಮಿಷದ ಓಟ. ಐದು ರೇಸು, ಐದೂ ಸೋಲು. ಒಂದಂತೂ ಕೊನೆಯಲ್ಲಿ, ತೋಟಕ್ಕೆ ನೀರು ಕಟ್ಟಲು ಹೊರಟವರ ಹಾಗೆ ನಿಧಾನವಾಗಿ ಬಂತು. ಮಲ್ಲಿಕಾರ್ಜುನಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆದರೆ ರೇವಣಪ್ಪನನ್ನು ಕೊರೆಯುತ್ತಿದ್ದದ್ದು ಆ ಐದಲ್ಲ, ಕೊನೆಯ ಆರನೆಯದು. ಐದು ಸಲ ಗೆದ್ದವುಗಳನ್ನು ನೋಡಿ ನೋಡಿ ಅವನ ಕಣ್ಣು ದಾರಿಗೆ ಬಂದಿತ್ತು. ಏಳನೇ ನಂಬರಿನ ಸಣ್ಣ ಮೈಯ ಹೆಣ್ಣು ಕುದುರೆ ಗಲಾಟೆ ಮಾಡದೆ, ಕಾಲನ್ನು ಸಡಿಲವಾಗಿ ಬೀಸಿ ನಡೆಯುತ್ತಿತ್ತು. ಇದೇ ಎಂದು ಅವನ ಮೈ ಜುಮ್ಮೆಂದಿತು. ಟವೆಲ್ಲಿನಡಿ ಗೆಳೆಯನ ಐದೂ ಬೆರಳನ್ನು ಒಟ್ಟಿಗೆ ಹಿಡಿದ. ಇನ್ನೆರಡು ಒತ್ತಿದ್ದರೆ ಏಳು. ಅಷ್ಟರಲ್ಲಿ ಸುತ್ತಲಿನವರೆಲ್ಲ "ಮೂರು, ಮೂರು" ಎಂದು ಕೂಗತೊಡಗಿದರು. ಐದು ಸಲ ಸೋತ ಜೀವ ಹೆದರಿತು. ಕೈಬಿಟ್ಟು ಮೂರು ಬೆರಳು ಹಿಡಿದ.

ಏಳು ಗೆದ್ದಿತು, ಅದೂ ಹಿಂದಿನವುಗಳು ಧೂಳು ಕುಡಿಯುವಷ್ಟು ಅಂತರದಲ್ಲಿ.

ನನಗೆ ಮೊದಲೇ ಗೊತ್ತಿತ್ತು ಎಂದು ಈಗ ಯಾವ ಬಾಯಲ್ಲಿ ಹೇಳುವುದು? ರೇಸಾದ ಮೇಲೆ ಅಲ್ಲಿ ಎಲ್ಲರೂ ಹಾಡುತ್ತಿದ್ದದ್ದು ಅದೇ ರಾಗ. ರಾತ್ರಿ ಬೆಂಗಳೂರಲ್ಲೇ ಮಲ್ಲಿಕಾರ್ಜುನಪ್ಪನ ಅಕ್ಕನ ಮನೆಯಲ್ಲಿ ರೇವಣಪ್ಪ ನಿದ್ದೆಯಿಲ್ಲದೆ ಹೊರಳಾಡಿದ್ದೇ ಬಂತು.

ದೇವನೂರು ದಾಟಿದ ಮೇಲೆ ಮಲ್ಲಿಕಾರ್ಜುನಪ್ಪ ಮೆಲ್ಲಗೆ ಕೇಳಿದ. "ಲೇ ರೇವಣ, ಕೊನೇ ರೇಸಲ್ಲಿ ಮೊದ್ಲು ಐದು ಬೆರಳೂ ಹಿಡ್ದಿದ್ದೆಯಲ್ಲೋ. ಏಳು ಅನ್ನಾಕೆ ಹೊಂಟಿದ್ಯಾ?"

ಮಲ್ಲಿಕಾರ್ಜುನಪ್ಪನಿಗೂ ಗೊತ್ತಾಗಿತ್ತು! ಹೌದು ಅಂದರೆ ಸಾಕಿತ್ತು. ಆದರೆ ಹೌದು ಅಂದರೆ ಹೆದರಿದ್ದನ್ನೂ ಒಪ್ಪಿಕೊಳ್ಳಬೇಕಿತ್ತು.

"ಇಲ್ಲ ಕಣೋ ಮಲ್ಲಣ್ಣ, ಕೈ ಜಾರ್ತು."

ಮಲ್ಲಿಕಾರ್ಜುನಪ್ಪ ಮೇಲಿನ ಹಲಗೆಯಿಂದ ಚೀಲ ಇಳಿಸಿಕೊಂಡ. ಕಡೂರು ಬಂದಾಗ "ಬತ್ತೀನಿ" ಎಂದು ಇಳಿದುಹೋದ. ಬೆಂಗಳೂರಿನ ಸಂಗತಿಯನ್ನು ಅವನು ಊರಲ್ಲಿ ಯಾರಿಗೂ ಹೇಳಲಿಲ್ಲ.

ತಿಂಗಳಾದ ಮೇಲೆ ಬೀರೂರಿನಲ್ಲಿ ಹೋರಿಗರುಗಳ ಹರಾಜು. ಮಲ್ಲಿಕಾರ್ಜುನಪ್ಪ ಎಂದಿನಂತೆ ಫೋನು ಮಾಡಿ ಕರೆಸಿಕೊಂಡ. ಬಿಸಿಲಲ್ಲಿ ಜೋಡಿ ಜೋಡಿಯಾಗಿ ಕರುಗಳು ಬಂದವು. ನಾಲ್ಕನೇ ಜೋಡಿ ಕಂಡ ಕೂಡಲೇ ರೇವಣಪ್ಪನ ಕಣ್ಣರಳಿತು. ಒಂದೇ ಮಟ್ಟ, ಒಂದೇ ನಡಿಗೆ, ಗೊರಸು ನೆಲಕ್ಕೆ ಬಿದ್ದ ಸದ್ದೂ ಒಂದೇ. ಬೇರೆಯವರೆಲ್ಲ ಎರಡನೆಯ ಜೋಡಿಯ ಸುತ್ತ ನೆರೆದಿದ್ದರು.

ಮಲ್ಲಿಕಾರ್ಜುನಪ್ಪ ಹೆಗಲ ಟವೆಲ್ ತೆಗೆದು ಕೈಮೇಲೆ ಹೊದಿಸಿಕೊಂಡು ಪಕ್ಕಕ್ಕೆ ಬಂದ. "ಹೇಳಪ್ಪಾ, ಎಷ್ಟನೇ ಜೋಡಿ?"

ರೇವಣಪ್ಪ ಟವೆಲ್ಲಿನಡಿ ಕೈಯಿಟ್ಟ. ಗೆಳೆಯನ ಅಂಗೈ ಬಿಸಿಯಾಗಿ, ಗಟ್ಟಿಯಾಗಿ, ಅವನಿಗಾಗಿಯೇ ಕಾಯುತ್ತಿತ್ತು. ನಾಲ್ಕು ಬೆರಳು ಹಿಡಿದರೆ ಮುಗಿಯಿತು. ಹಿಡಿಯಲಾಗಲಿಲ್ಲ.

"ಜನ ಏನಂತವ್ರೆ ಮಲ್ಲಣ್ಣ?"

ಕೇಳಿದ ಮೇಲೆಯೇ ತಾನು ಕೇಳಿದ್ದೇನು ಎಂದು ಅವನಿಗೆ ತಿಳಿದದ್ದು. ಮಲ್ಲಿಕಾರ್ಜುನಪ್ಪ ಕೈ ಹಿಂತೆಗೆಯಲಿಲ್ಲ, ಹಾಗೇ ಹಿಡಿದುಕೊಂಡು ನಿಂತ. ಇಬ್ಬರೂ ನೋಡುತ್ತಿದ್ದಂತೆಯೇ ನಾಲ್ಕನೇ ಜೋಡಿಯನ್ನು ಬೇರೆ ಯಾರೋ ಬೆಲೆ ಕೂಗಿ ಹಿಡಿದುಕೊಂಡು ಹೋದರು.