ಮುಂಗೋಣೆಗೆ ಬಂದ ಮಷೀನು

"ಬರ್ಲಿ, ಬರ್ಲಿ, ಇನ್ನೂ ಬರ್ಲಿ... ಸಾಕ್ ಸಾಕ್, ನಿಲ್ಸಪ್ಪಾ!"

ಕ್ರೇನ್ ಕಟ್ಟಿದ ಲಾರಿ ಹಿಮ್ಮುಖವಾಗಿ ಬಂದು ಮನೆಯ ಷಟರಿನ ಮುಂದೆ ನಿಂತಿತು. ಗಲ್ಲಿಯ ಉದ್ದಕ್ಕೂ ಬಾಡಿಗೆ ಕುರ್ಚಿಗಳಲ್ಲಿ ಕೂತಿದ್ದವರು ಎದ್ದು ಗೋಡೆಗೆ ಅಂಟಿಕೊಂಡರು. ಕೆಳಗಿಳಿದ ಡ್ರೈವರ್ ಒಳಗೆ ಇಣುಕಿದವನೇ ತಲೆಗೆ ಸುತ್ತಿದ್ದ ಟವೆಲ್ ತೆಗೆದ. ಸಾಮಾನೆಲ್ಲ ಖಾಲಿ ಮಾಡಿದ್ದ ಮುಂಗೋಣೆಯ ನಡುವೆ, ಬಿಳಿ ಬಟ್ಟೆ ಹೊದ್ದು, ಮಷೀನು ಕೊಂಡವನೇ ಮಲಗಿದ್ದ.

"ಅಯ್ಯೋ, ಯಾರೂ ಒಂದ್ ಫೋನ್ ಮಾಡ್ಲಿಲ್ವಲ್ಲ ನಂಗೆ!"

"ಫೋನ್ ಮಾಡ್ಬೇಕಾದೋನೇ ಹೋಗ್ಬಿಟ್ನಲ್ಲಪ್ಪ," ಎಂದ ಸತ್ತವನ ಗೆಳೆಯ.

ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಜಗಳಕ್ಕೆ ನಿಲ್ಲುತ್ತಿದ್ದ ಈ ಗೆಳೆಯನಿಗೆ ಕಾರ್ಖಾನೆಯಲ್ಲಿ ಮೈಕ್ರೋ ಎಂದೇ ಹೆಸರು. ಸತ್ತವನಿಗೆ ಸಾವಕಾಶಣ್ಣ ಎಂದು. ಕೈಯಿಂದ ತಿರುಗಿಸುವ ಮಿಲ್ಲಿಂಗ್ ಯಂತ್ರಗಳ ಮುಂದೆ ಅಕ್ಕಪಕ್ಕ ನಿಂತೇ ಇಬ್ಬರ ತಲೆಯೂ ನರೆತಿತ್ತು. ಯಾವುದಕ್ಕೂ ಆತುರಪಡದ ಸಾವಕಾಶಣ್ಣ ನಿನ್ನೆ ಬೆಳಿಗ್ಗೆ ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಹೋಗಿಬಿಟ್ಟಿದ್ದ.

"ಜನ್ಮದಲ್ಲಿ ಅವನು ಅವಸರ ಮಾಡಿದ್ದು ಇದೊಂದಕ್ಕೇ," ಎಂದು ಬಂದವರೆಲ್ಲರ ಹತ್ತಿರವೂ ಮೈಕ್ರೋ ಹೇಳುತ್ತಿದ್ದ. ಹೇಳಿ ಹೇಳಿ ಅವನ ದನಿ ಸವೆದಿತ್ತು.

ಗಲ್ಲಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಹೆಣ ಸಾಗಿಸುವ ಗಾಡಿ. ಗಲ್ಲಿ ಒಂದೇ ಗಾಡಿಯ ಅಗಲ. ಲಾರಿ ಹೊರಗೆ ಹೋಗದೆ ಅದು ಒಳಗೆ ಬರುವಂತಿರಲಿಲ್ಲ.

"ವಾಪಸ್ ತಗೊಂಡ್ಹೋಗಪ್ಪ," ಎಂದ ಸತ್ತವನ ಹೆಂಡತಿಯ ಅಣ್ಣ. "ಯಾರಿಗೆ ಬೇಕು ಇನ್ನು?"

ಡ್ರೈವರ್ ಮಾರಿದವನಿಗೆ ಫೋನ್ ಮಾಡಿದ. ದೂರ ಹೋಗಿ ಮಾತಾಡಿ ಬಂದ. "ಲಾರಿ ಮೇಲೇ ವಾಪಸ್ ಬಂದ್ರೆ ಬಾಡಿಗೆ ಹಿಡ್ಕೊಂಡು ಉಳಿದ ದುಡ್ಡು ಕೊಡ್ತಾರಂತೆ. ಕೆಳಗಿಳಿಸಿದ್ರೆ ಮುಗೀತು, ನಿಮ್ದೇ ಅಂತೆ."

ಅಣ್ಣ ತಂಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಕೇಳಿಸ್ತೇನಮ್ಮ? ಆ ದುಡ್ಡು ಬಂದ್ರೆ ನಿನ್ನ ಮಂಡಿ ಆಪರೇಷನ್ ಆಗುತ್ತೆ. ಆ ಗುಜರಿ ಬೇಡ ಅಂತ ಅವನಿದ್ದಾಗ್ಲೇ ಬಡ್ಕೊಂಡಿದ್ದೆ."

ಅವಳು ಗೋಡೆಗೊರಗಿ, ಕಾಲು ಚಾಚಿ ಕೂತಿದ್ದಳು. ಅತ್ತೂ ಅತ್ತೂ ಸಾಕಾಗಿ ಈಗ ಬರೀ ಉಸಿರಾಡುತ್ತಿದ್ದಳು.

*

ಹಳೇ ಮಷೀನು ಮಾರುವವನ ಗೋದಾಮಿಗೆ ಸಾವಕಾಶಣ್ಣ, ಅವನ ಮಗಳು ಹೋದಾಗಲೆಲ್ಲ ಆ ಸಿಎನ್‌ಸಿ ಮಿಲ್ಲಿಂಗ್ ಮಷೀನು ಮೊದಲೇ ಓಡುತ್ತಿರುತ್ತಿತ್ತು. ಕಂಪ್ಯೂಟರಿನ ಮಾತು ಕೇಳಿಕೊಂಡು ತಾನೇ ಹಿಂದೆ ಮುಂದೆ ಸರಿದು ಲೋಹ ಕೊರೆಯುವ ಯಂತ್ರ.

"ಬೆಣ್ಣೆ ಸಾರ್, ಬೆಣ್ಣೆ!" ಎನ್ನುತ್ತಿದ್ದ ಮಾರುವವನು.

ಸಾವಕಾಶಣ್ಣ ಯಂತ್ರದ ತಲೆಯ ಮೇಲೆ ಅಂಗೈ ಇಡುತ್ತಿದ್ದ, ಜ್ವರ ನೋಡುವವನ ಹಾಗೆ. ಬೆಚ್ಚಗಿರುತ್ತಿತ್ತು. "ಇವತ್ತು ಬೇಡ, ಇನ್ನೊಂದ್ಸಲ ಬರ್ತೀನಿ."

ಮಗಳು ದೊಡ್ಡ ಕಾರ್ಖಾನೆಯೊಂದರಲ್ಲಿ ಇಂಥದ್ದೇ ಯಂತ್ರದ ಮುಂದೆ ನಿಲ್ಲುವವಳು. ಬಾಗಿಲು ತೆಗಿ, ತುಂಡು ಇಡು, ಬಾಗಿಲು ಮುಚ್ಚು, ಗುಂಡಿ ಒತ್ತು. ಪಾಳಿ ಮುಗಿಸಿ ನೇರ ಬಂದಿದ್ದ ಅವಳಿಗೆ ರೇಗಿತು. "ಅಪ್ಪಾ, ಇನ್ನೆಷ್ಟು ಸಲ? ನಂಗೆ ಕಾಲು ಬಿದ್ದೋಗ್ತಿದೆ."

"ಅಜ್ಜಿ ಹೇಳ್ತಿದ್ಲಲ್ಲ ಪುಟ್ಟಿ, ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಅಂತ. ಇದರ ಪ್ರಾಣ ಇರೋದು ತಿರುಗೋ ಸ್ಪಿಂಡಲ್‌ನಲ್ಲಿ. ಬೆಚ್ಚಗಾದ್ರೆ ನೋವೆಲ್ಲ ಮುಚ್ಕೊಂಡುಬಿಡುತ್ತೆ. ತಣ್ಣಗಿದ್ದಾಗ ಎಬ್ಬಿಸ್ಬೇಕು, ಆಗ ನಿಜ ಹೇಳುತ್ತೆ."

ಕೊನೆಗೊಂದು ದಿನ ಗೋದಾಮಿನ ಬೀಗ ತೆಗೆಯುವ ಮೊದಲೇ ಹೋಗಿ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ಏನ್ ಸಾರ್, ಸಂಬಂಧ ನೋಡೋಕೆ ಬಂದಂಗೆ ಪದೇಪದೇ ಬರ್ತೀರಲ್ಲ!"

"ಮುಖಕ್ಕೆ ಪೌಡರ್ ಹಚ್ಚೋ ಮುಂಚೆ ಒಂದ್ಸಲ ನೋಡೋಣ ಅಂತ."

ಮಾರುವವನು ಗೊಣಗುತ್ತಲೇ ಸ್ವಿಚ್ ಹಾಕಿದ. ಸ್ಪಿಂಡಲ್ ಮುಲುಗಿತು, ಕರಕರ ಎಂದಿತು. ಆಮೇಲೆ, ಗಂಟಲು ಸರಿಮಾಡಿಕೊಂಡಂತೆ, ನಿಧಾನಕ್ಕೆ ಮೆತ್ತಗಾಯಿತು. ಮಾರುವವನು ಮೇಲೆ ಸೂರು ನೋಡತೊಡಗಿದ. ಸಾವಕಾಶಣ್ಣನ ಮುಖ ಅರಳಿತು.

"ಬೇರಿಂಗ್ ಹೋಗಿದೆ. ಈಗ ರೇಟು ಹೇಳಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು, "ಕೆಟ್ಟಿದೆ ಅಂತ ಗೊತ್ತಾಗಿಯೂ ತಗೋತಿದ್ದೀಯಲ್ಲಪ್ಪಾ?"

"ಚೆನ್ನಾಗಿರೋದು ನಮ್ಮ ಕೈಗೆಟುಕಲ್ಲ. ಎಲ್ಲಿ ಕೆಟ್ಟಿದೆ ಅಂತ ಗೊತ್ತಿದ್ರೆ ಸಾಕು. ನಾನೇ ಬೇರಿಂಗ್ ಬದಲಾಯಿಸ್ತೀನಿ, ನೀನು ಪಕ್ಕದಲ್ಲಿ ನಿಂತು ನೋಡ್ಕೊ." ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಸೇರಿಸಿದ, "ಇನ್ನೊಬ್ಬರ ಬಾಗಿಲು ತೆಗೆದು ಮುಚ್ಚೋದ್ರಲ್ಲೇ ನಿನ್ನ ಆಯಸ್ಸು ಕಳೀಬಾರದು."

ಅವಳು ಆಗಲೇ ಅವನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಆ ಮಾತು ಅವಳಿಗೆ ಕೇಳಿಸಲೇ ಇಲ್ಲ. ಮನೆಗೆ ಬಂದಮೇಲೆ ಅವನು ಅದನ್ನು ಹೆಂಡತಿಗೆ ಹೇಳಿದ್ದ.

*

ಹಾರ್ನ್ ಮತ್ತೆ ಕೂಗಿತು.

"ನೀನಾದ್ರೂ ಹೇಳೇ," ಎಂದು ಸೋದರಮಾವ ತಂಗಿಯ ಮಗಳತ್ತ ತಿರುಗಿದ. "ಬೇರಿಂಗ್ ಹೋಗಿದೆ ಅಂತ ನಿಮ್ಮಪ್ಪನೇ ಹೇಳ್ತಿದ್ದ. ಇನ್ಯಾರು ಸರಿಮಾಡ್ತಾರೆ ಅದನ್ನ?"

ಅವಳು ಅಪ್ಪನ ಮುಖ ನೋಡಿದಳು, ಅಮ್ಮನ ಮಂಡಿ ನೋಡಿದಳು. "ಕಳಿಸ್ಬಿಡಿ ಮಾವ. ನಂಗ್ ಬರಲ್ಲ ಅದೆಲ್ಲ."

ಮಾವ ಡ್ರೈವರಿಗೆ ಕೈಸನ್ನೆ ಮಾಡಲು ಎದ್ದ.

"ಮೈಕ್ರೋ ಅಣ್ಣ," ಎಂದಳು ಗೋಡೆಗೊರಗಿದ್ದವಳು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು. "ನಿಮಗ್ ಬರುತ್ತಾ?"

"ಬೇರಿಂಗಾ? ಬರುತ್ತೆ ಅತ್ತಿಗೆ. ಕಣ್ಣು ಮೊದಲಿನಂಗಿಲ್ಲ, ನಿಧಾನ ಆಗುತ್ತೆ."

"ಇವಳಿಗೆ ಕಲಿಸ್ತೀರಾ?"

"ಬೈದು ಬೈದು ಕಲಿಸ್ತೀನಿ."

"ಬೈರಿ. ಆದರೆ ಕಲಿಸಿ."

"ಏಯ್, ನಿನ್ನ ಮಂಡಿ?" ಎಂದ ಅಣ್ಣ.

"ಈ ನೋವು ಇಷ್ಟು ವರ್ಷದಿಂದ ಜೊತೆಗಿದೆಯಲ್ಲಣ್ಣ, ನನ್ನ ಬಿಟ್ಟು ಓಡಿಹೋಗಲ್ಲ." ಅವಳು ಮಗಳ ಬೂಟುಗಳನ್ನೇ ನೋಡುತ್ತಿದ್ದಳು. ನಿನ್ನೆ ಪಾಳಿಯಿಂದ ಓಡಿ ಬಂದವಳು ಇನ್ನೂ ಅವನ್ನು ಬಿಚ್ಚಿರಲಿಲ್ಲ. "ಬೇರೆಯವರ ಬಾಗಿಲು ತೆಗೆದು ಮುಚ್ಚಿದ್ದು ಸಾಕು ಇವಳು. ಇಳಿಸಿ."

ಮಗಳು ಅಮ್ಮನ ಕಡೆ ತಿರುಗಿದಳು. ಆಮೇಲೆ ಬಗ್ಗಿ ಬೂಟು ಬಿಚ್ಚತೊಡಗಿದಳು.

ಸಾವಕಾಶಣ್ಣನನ್ನು ಗೋಡೆಯ ಪಕ್ಕಕ್ಕೆ ಸರಿಸಿದರು. ಕ್ರೇನು ಮಷೀನನ್ನು ಎತ್ತಿ ಬಾಗಿಲಲ್ಲಿಟ್ಟಿತು. ಅವನಿಗೆ ಹೆಗಲು ಕೊಡಲು ಬಂದವರು ಅದರ ಅಡಿಗೆ ಕಬ್ಬಿಣದ ಪೈಪುಗಳನ್ನು ತೂರಿಸಿ, ಹಾರೆಯಿಂದ ಮೀಟುತ್ತ, ಉರುಳಿಸಿ ಉರುಳಿಸಿ ಒಳಗೆ ತಳ್ಳಿದರು. "ಸಾವಕಾಶ, ಸಾವಕಾಶ," ಎಂದ ಯಾರೋ. ಎಲ್ಲರೂ ಒಂದು ಗಳಿಗೆ ತಳ್ಳುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ತಳ್ಳಿದರು.

ಲಾರಿ ಹೋಯಿತು, ಗಾಡಿ ಬಂತು. ಕೋಣೆಯಲ್ಲಿ ಈಗ ಜಾಗವೇ ಇರಲಿಲ್ಲ. ಕೊನೆಯ ಸಲ ಮುಖ ನೋಡಲು ಬಂದವರು ಒಬ್ಬೊಬ್ಬರಾಗಿ ಓರೆಯಾಗಿ ನುಸುಳುತ್ತ, ಬೀಳದಿರಲು ಮಷೀನಿನ ಮೇಜಿನ ಮೇಲೆ ಕೈಯೂರಿ ಸಾಗಿದರು. ಆಮೇಲೆ ಅವನನ್ನು ಹೊತ್ತರು. ಮಗಳು ಜೊತೆಗೆ ಹತ್ತಿದಳು. ಮಂಡಿ ನೋವಿನ ಹೆಂಡತಿಯಿಂದ ಗಾಡಿ ಹತ್ತಲಾಗಲಿಲ್ಲ. ಪಕ್ಕದ ಮನೆಯಾಕೆ ಅವಳನ್ನು ಹಿಡಿದುಕೊಂಡು ನಿಂತಳು.

ಹಾರ್ನಿನ ಸದ್ದು ಗಲ್ಲಿ ದಾಟಿದ ಮೇಲೆ ಇಬ್ಬರೂ ಒಳಗೆ ಬಂದರು. ಮೇಜಿನ ಮೇಲೆ ಬಳಿದಿದ್ದ ತೆಳು ಎಣ್ಣೆಯ ತುಂಬ ಕೈಗಳ ಗುರುತು: ದಪ್ಪ ಬೆರಳು, ಸಣ್ಣ ಬೆರಳು, ಒಂದರ ಮೇಲೊಂದು ಅಂಗೈ.

"ಒಂಚೂರು ಮಲಗ್ರೀ. ಇದನ್ನ ನಾಳೆ ನೋಡ್ಕೊಳ್ಳೋಣ," ಎಂದಳು ಪಕ್ಕದ ಮನೆಯಾಕೆ.

"ಬೆವರಿನ ಕೈ ಬಿದ್ದ ಕಬ್ಬಿಣಕ್ಕೆ ನಾಳೆ ಹೊತ್ತಿಗೆ ತುಕ್ಕು ಹಿಡಿದಿರುತ್ತೆ ಕಣ್ರೀ," ಎಂದು ಅವಳು ಮೂಲೆಯಲ್ಲಿದ್ದ ಹಳೇ ಬನಿಯನ್ನೊಂದನ್ನು ಎತ್ತಿಕೊಂಡಳು.

ಬಗ್ಗಿ ಒರೆಸತೊಡಗಿದಳು. ಒಂದು ಕೈ ಗುರುತುಗಳನ್ನು ಅಳಿಸುತ್ತ ಮುಂದೆ ಮುಂದೆ ಹೋಯಿತು. ಮಂಡಿಯ ಮೇಲಿನ ಭಾರ ತಾಳಲಾರದೆ ಊರಿಕೊಂಡಿದ್ದ ಇನ್ನೊಂದು ಕೈ, ಆಗಷ್ಟೇ ಒರೆಸಿದ ಜಾಗದಲ್ಲಿ, ಹೊಸ ಗುರುತು ಬಿಡುತ್ತ ಹಿಂದೆ ಹಿಂದೆ ಬಂತು.