ಆರು ಗಂಟೆಯ ಗಾಳಿ

ಮುನಿಶಾಮಪ್ಪನವರ ರೇಷ್ಮೆಹುಳುಗಳು ಒಂದೇ ಹಗಲಿನಲ್ಲಿ ಸತ್ತವು. ಬೆಳಿಗ್ಗೆ ಆರಕ್ಕೆ ಹುಳದ ಮನೆಯ ಕಿಟಕಿ ತೆರೆದಿದ್ದರಂತೆ. ಮಧ್ಯಾಹ್ನಕ್ಕೆಲ್ಲ ಹುಳುಗಳು ಹಸಿರು ಕಕ್ಕಿ ಮಲಗಿದ್ದವು. ಯಾರೋ ಬೆಳೆಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದಿದೆ ಎಂದು ನಮ್ಮೂರು ಸಾಸಲಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರದು ಎಂಬುದಷ್ಟೇ ಬಾಕಿ.

ಅದನ್ನು ಹೇಳಲು ನಾನು ಹೋದೆ. ಯಾರೂ ಕರೆದಿರಲಿಲ್ಲ. ನಾನು ಮಮತ, ಹೈಸ್ಕೂಲಿನ ವಿಜ್ಞಾನದ ಟೀಚರ್. ಶಾಲೆಯ ತಾರಸಿಯ ಮೇಲೆ ಗಾಳಿ ಅಳೆಯುವ ಯಂತ್ರವಿದೆ, ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಸಾಫ್ಟ್‌ವೇರ್ ಇದೆ. ಯಾವ ಜಾಗ, ಎಷ್ಟು ಗಂಟೆ ಎಂದು ಕೊಟ್ಟರೆ ಅಲ್ಲಿನ ಗಾಳಿ ಯಾವ ದಾರಿಯಲ್ಲಿ ಬಂತೆಂದು ಹಿಂದಕ್ಕೆ ಗೆರೆ ಎಳೆಯುತ್ತದೆ. ಹಾಲಿನ ಡೈರಿಯ ಮುಂದೆ ಎಲ್ಲರೆದುರು ಆರು ಗಂಟೆ ಎಂದು ಒತ್ತಿದೆ. ಕೆಂಪು ಗೆರೆ ಹುಳದ ಮನೆಯಿಂದ ಪಡುವಲಿಗೆ ಹೋಗಿ ಜವರಪ್ಪನವರ ದ್ರಾಕ್ಷಿ ತೋಟದ ಮೇಲೆ ನಿಂತಿತು.

"ಅವತ್ತು ನಾನ್ ಔಷಧಿ ಮುಟ್ಟೇ ಇಲ್ಲ ಕಣ್ರಪ್ಪಾ," ಎಂದರು ಜವರಪ್ಪ. "ನಮ್ ಬಚ್ಚಲೊಲೆ ಹೊಗೆ ಬೆಳಿಗ್ಗೆ ಪಡುವಲ ಕಡೀಕೆ ಹೋಯ್ತಿತ್ತು. ಹುಳದ ಮನೆ ಇರೋದು ಮೂಡಲಾಗೆ. ಗಾಳಿ ನನ್ ತಾವಿಂದ ಅಲ್ಲಿಗೆ ಹೆಂಗ್ ಹೋಯ್ತದೆ?"

"ಹೊಗೆ ನೋಡಿ ಹೇಳೋ ಕಾಲ ಹೋಯ್ತು ಜವರಪ್ಪೋರೇ," ಎಂದೆ. ಜನ ನಕ್ಕರು. ನನಗೂ ಹಿತವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಅವರ ತೋಟಕ್ಕೆ ಕೂಲಿಗೆ ಯಾರೂ ಹೋಗಲಿಲ್ಲ. ಚುಚ್ಚುಮಾತು ತಾಳದೆ ಅವರು ಪಕ್ಕದೂರಿನ ಡೈರಿಗೆ ಹಾಲು ಹಾಕತೊಡಗಿದರು. ಅವರ ಮಗಳು ರೂಪ ನನ್ನದೇ ಹತ್ತನೇ ತರಗತಿ. ಬೆಂಚಿನಲ್ಲಿ ಅವಳ ಪಕ್ಕದ ಜಾಗ ಖಾಲಿಯಾಯಿತು.

ಕಳೆದ ಸೋಮವಾರ ತರಗತಿಯಲ್ಲಿ ಆ ಕ್ಷಣದ ಗಾಳಿಯನ್ನೇ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿದ್ದೆ. ವಾರಗಳಿಂದ ಬಾಯಿ ಬಿಡದ ರೂಪ ಎದ್ದು ನಿಂತಳು. "ಮಿಸ್, ಈಗ ಹನ್ನೊಂದೂವರೆ. ಅದ್ರಲ್ಲಿ ಆರು ಗಂಟೆ ಅಂತ ಇದೆ."

ಯಂತ್ರದಲ್ಲಿದ್ದದ್ದು ಗ್ರೀನಿಚ್ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಡೈರಿಯ ಮುಂದೆ ನಾನು ತೋರಿಸಿದ್ದು ಹನ್ನೊಂದೂವರೆಯ ಗಾಳಿ! ಹುಳು ಸತ್ತ ದಿನದ ಸರಿಯಾದ ಹೊತ್ತು ಕೊಟ್ಟೆ. ಗೆರೆ ಮೂಡಲಿಗೆ ತಿರುಗಿ ಒಂದು ಟೊಮೆಟೊ ಹೊಲದ ಮೇಲೆ ನಿಂತಿತು. ನಮ್ಮದೇ ಹೊಲ. ಬಿಸಿಲೇರುವ ಮುಂಚೆ ಔಷಧಿ ಹೊಡೆದು ಬನ್ನಿ ಎಂದು ಅವತ್ತು ನನ್ನ ಗಂಡ ನಂದೀಶರನ್ನು ಐದೂವರೆಗೇ ಎಬ್ಬಿಸಿ ಕಳಿಸಿದ್ದವಳು ನಾನೇ. ಮೇಜಿನ ಬಳಿ ಬಂದಿದ್ದ ರೂಪ ಮಾತ್ರ ನೋಡುತ್ತಿದ್ದಳು. ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

"ಈಗ್ಯಾಕೆ ಕೆದಕ್ತೀಯ? ಎಲ್ರೂ ಮರೀತಿದ್ದಾರೆ," ಎಂದರು ರಾತ್ರಿ ವಿಷಯ ಕೇಳಿದ ನಂದೀಶ್.

"ರೂಪ ಮರೀತಾಳಾ?" ಎಂದೇನೋ ಕೇಳಿದೆ. ಆದರೂ ಎರಡು ದಿನ ತುಟಿ ಬಿಚ್ಚಲಿಲ್ಲ. ಹೇಡಿ ನಾನು.

ಗುರುವಾರ ಬೆಳಿಗ್ಗೆ ಡೈರಿಯ ಮುಂದೆ, ಅದೇ ಜನರೆದುರು, ಎಲ್ಲವನ್ನೂ ಹೇಳಿದೆ. ಮುನಿಶಾಮಪ್ಪ ಹಾಲಿನ ಕ್ಯಾನು ಕೆಳಗಿಟ್ಟರು. "ನಮ್ಗ್ ಹೇಳಿದ್ದಾಯ್ತು. ಜವರಪ್ಪಂಗೆ?"

ತೋಟಕ್ಕೆ ಹೋದೆ. ಜವರಪ್ಪ ಒಬ್ಬರೇ ಗೊಂಚಲು ಕತ್ತರಿಸುತ್ತಿದ್ದರು. ಅರ್ಧ ಹಣ್ಣು ಬಳ್ಳಿಯಲ್ಲೇ ಕೊಳೆತಿತ್ತು. ನನ್ನ ಮಾತು ಮುಗಿಯುವ ಮೊದಲೇ ಕೈ ಎತ್ತಿದರು.

"ಗೊತ್ತು ಕಣವ್ವ. ನಮ್ ರೂಪ ಸೋಮಾರನೇ ಬಂದ್ ಹೇಳ್ತು. ಊರ್ಗೆಲ್ಲ ಹೇಳಾನ ಬಾ ಅಂತ ಒಂದೇ ಹಟ. ಬ್ಯಾಡ ಕಣ್ ಮಗಾ, ನಿಮ್ ಮಿಸ್ ಅವ್ರೇ ಬಂದ್ ಹೇಳ್ತಾರೆ ಅಂದಿದ್ದೆ." ಅವರು ಕತ್ತರಿ ಒರೆಸಿಕೊಂಡರು. "ಮೂರ್ ದಿನದಿಂದ ಸ್ಕೂಲಿಂದ ಬಂದೇಟ್ಗೆ ಅದೊಂದೇ ಕೇಳ್ತದೆ. ಮಿಸ್ ಬಂದಿದ್ರಾ ಅಪ್ಪಾ, ಅಂತ."